ಹಾಲು ಎಷ್ಟು ಬಿಸಿ ಇತ್ತು? ಸಪೋಲ್ಸ್ಕಿಯ ಬಬೂನ್‌ಗಳ ಜೊತೆ ಒಂದು ಜಗಳ

ರಾಬರ್ಟ್ ಸಪೋಲ್ಸ್ಕಿಯ ‘ಎ ಪ್ರೈಮೇಟ್ಸ್ ಮೆಮ್ವಾರ್’ ನೀವಿನ್ನೂ ಓದಿಲ್ಲ ಅಂದರೆ ಮೊದಲು ಅದನ್ನು ಓದಿ, ಆಮೇಲೆ ಇಲ್ಲಿಗೆ ಬನ್ನಿ. ಇವತ್ತು ನಾನು ಆ ಪುಸ್ತಕದ ಜೊತೆ ಜಗಳಕ್ಕೆ ನಿಂತಿದ್ದೇನೆ, ಒಂದು ಕಡೆಯ ಮಾತು ಮಾತ್ರ ಕೇಳಿ ನೀವು ತೀರ್ಪು ಕೊಡಬಾರದು. 2001ರ ಪುಸ್ತಕ. ನೈರೋಬಿಗೆ ಹೊಸದಾಗಿ ಬಂದವರ ಕೈಗೆ ಯಾರಾದರೊಬ್ಬರು ಇದನ್ನು ತುರುಕಿಯೇ ತುರುಕುತ್ತಾರೆ. ಕೆನ್ಯಾದ ಬಗ್ಗೆ ಹೊರಗಿನವರು ಬರೆದದ್ದರಲ್ಲಿ ಇಷ್ಟು ನಗಿಸುವ, ನಗಿಸುತ್ತಲೇ ಗಂಟಲು ಕಟ್ಟಿಸುವ ಇನ್ನೊಂದು ಪುಸ್ತಕ ನಾನು ಓದಿಲ್ಲ. ಹೋದ ಎಪಿಸೋಡಿನಲ್ಲಿ ಅದನ್ನು ಮನಸಾರೆ ಹೊಗಳಿದ್ದೆವು. ಹೊಗಳಿದ್ದನ್ನು ವಾಪಸ್ ತಗೊಳ್ಳೋದಿಲ್ಲ. ಆದರೆ ಆ ಪುಸ್ತಕ ಓದಿ ಮುಗಿಸಿದ ಎಷ್ಟೋ ಜನರ ತಲೆಯಲ್ಲಿ ಉಳಿಯುವ ಚಿತ್ರ ಒಂದಿದೆ: ಗಂಡು, ಅವನ ರಕ್ತದಲ್ಲಿ ಹಾರ್ಮೋನು, ಅದರಿಂದ ಅವನ ಪಟ್ಟ, ಪಟ್ಟದಿಂದ ಹೆಣ್ಣು. ನನ್ನ ತಕರಾರು ಈ ಚಿತ್ರದ ಬಗ್ಗೆ.

ಮೊದಲು ಆತ ಮಾಡಿದ್ದೇನು ಅಂತ ನೋಡೋಣ. 1978ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಮಾಸಾಯ್ ಮಾರಾದ ಒಂದು ಬಬೂನ್ ಗುಂಪಿನ ಹಿಂದೆ ಬಿದ್ದ. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಸಿಗೆ ಬಂದರೆ ಇಲ್ಲಿಗೇ. ಕೋತಿಗಳಿಗೆ ಹಳೆಯ ಒಡಂಬಡಿಕೆಯ ಹೆಸರುಗಳನ್ನಿಟ್ಟ: ಸಾಲೊಮನ್, ಸಾಲ್, ಲಿಯಾ, ಡೆವೊರಾ. ಊದುಗೊಳವೆಯಿಂದ ಅರಿವಳಿಕೆಯ ಮುಳ್ಳು ಊದಿ ಒಂದೊಂದೇ ಪ್ರಾಣಿಯನ್ನು ಮಲಗಿಸಿ ರಕ್ತ ತೆಗೆದ. ಕೇಳಲು ತಮಾಷೆ, ಮಾಡಲು ನರಕ. ದಿನದ ಅದೇ ಹೊತ್ತಿಗೆ ಹೊಡೆಯಬೇಕು, ಪ್ರಾಣಿಗೆ ಹೊಡೆಯುವ ಸುಳಿವೇ ಸಿಗಬಾರದು, ಅವತ್ತು ಅದು ಜಗಳ ಆಡಿರಬಾರದು, ಕಾಯಿಲೆ ಬಿದ್ದಿರಬಾರದು, ಹೆಣ್ಣಿನ ಜೊತೆ ಕೂಡಿರಬಾರದು. ಯಾಕಂದ್ರೆ ಇದರಲ್ಲಿ ಯಾವುದಾದರೂ ಒಂದು ನಡೆದಿದ್ದರೂ ಹಾರ್ಮೋನಿನ ಅಂಕಿ ಅಡ್ಡಾದಿಡ್ಡಿ. ಡೇಟಾದ ಕೆಲಸ ಮಾಡುವವನಾಗಿ ನಾನು ಆ ಪುಟಗಳಿಗೆ ಕೈ ಮುಗಿಯುತ್ತೇನೆ. ಎ.ಸಿ. ರೂಮಿನಲ್ಲಿ ಕೂತು ಇನ್ಯಾರೋ ಕಳಿಸಿದ ಕಾಲಮ್ಮು ತೊಳೆಯುವ ನಮ್ಮಂಥವರು ಒಮ್ಮೆಯಾದರೂ ಓದಬೇಕು.

ಸಿಕ್ಕ ಉತ್ತರ ಚೆನ್ನಾಗಿತ್ತು. ಗುಂಪಿನ ಏಣಿ ಗಟ್ಟಿಯಾಗಿದ್ದಾಗ ಮೇಲಿರುವ ಗಂಡುಗಳಲ್ಲಿ ಒತ್ತಡದ ಹಾರ್ಮೋನು ಕಡಿಮೆ, ಕೆಳಗಿನವರಲ್ಲಿ ಸದಾ ಜಾಸ್ತಿ. ಗಾಬರಿಯಾದಾಗ ಕೆಳಗಿನ ಗಂಡಿನ ಟೆಸ್ಟೋಸ್ಟೆರಾನ್ ದಡಕ್ಕನೆ ಇಳಿಯುತ್ತೆ, ಮೇಲಿನವನದು ಸ್ವಲ್ಪ ಹೊತ್ತು ಏರುತ್ತೆ. ಅದೇ ಏಣಿ 1981ರಲ್ಲಿ ಅಲುಗಾಡಿದಾಗ ಈ ಲೆಕ್ಕವೇ ಅದಲು ಬದಲಾಯಿತು. ಅಂದರೆ ಪಟ್ಟಕ್ಕೂ ಹಾರ್ಮೋನಿಗೂ ನೇರ ಗಂಟಿಲ್ಲ, ಪಟ್ಟ ಎಷ್ಟು ಭದ್ರ ಅನ್ನೋದು ಮಧ್ಯೆ ಕೂತಿದೆ.

ಈಗ ಕೊರತೆಗೆ ಬರುತ್ತೇನೆ. ಈ ರಕ್ತವೆಲ್ಲ ಹೆಚ್ಚುಕಡಿಮೆ ಗಂಡುಗಳದ್ದು. ಕಾರಣ ನ್ಯಾಯವಾದದ್ದೇ: ಹೆಣ್ಣು ಬಬೂನ್ ಬಹುಪಾಲು ದಿನ ಬಸಿರು, ಇಲ್ಲವೇ ಹಾಲೂಡಿಸುವ ಮರಿಯನ್ನು ಎದೆಗೆ ಕಟ್ಟಿಕೊಂಡಿರುತ್ತೆ. ಅದಕ್ಕೆ ಮುಳ್ಳು ಹೊಡೆಯುವುದು ಪಾಪ. ಆದರೆ ಕಾಲಮ್ಮು ಖಾಲಿ ಇದೆ ಅನ್ನೋದಕ್ಕೂ ಅಲ್ಲಿ ಏನೂ ನಡೆಯಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಪುಸ್ತಕದ ನಾಲ್ಕು ಭಾಗಗಳ ಹೆಸರು ನೋಡಿ: ಹದಿಹರೆಯ, ಅರೆವಯಸ್ಕ, ಅಭದ್ರ ವಯಸ್ಕ, ವಯಸ್ಕ. ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪಿಗೆ ಹೋಗಿ ತಳವೂರುವ ಗಂಡು ಬಬೂನಿನ ಬದುಕಿನ ಘಟ್ಟಗಳು ಅವು, ಸಪೋಲ್ಸ್ಕಿಯವೂ ಹೌದು. ಹೆಣ್ಣುಗಳು ಹುಟ್ಟಿದಲ್ಲೇ ಇರುತ್ತವೆ. ಲಿಯಾ, ಡೆವೊರಾ ಪುಸ್ತಕದಲ್ಲಿ ಬರುತ್ತಾರೆ, ಅವರ ಗತ್ತು ಗೈರತ್ತು ಎಲ್ಲ ಬರುತ್ತೆ. ಆದರೆ ಅವರ ಒಳಗಿನ ರಸಾಯನ ಯಾವ ವಾಕ್ಯವನ್ನೂ ನಡೆಸುವುದಿಲ್ಲ. ಹಾಗಾಗಿ ಕೂಡುವಿಕೆ ಅಂದರೆ ಗಂಡು ಗೆದ್ದದ್ದು ಅಂತ ಓದುಗನಿಗೆ ಅನ್ನಿಸಿಬಿಡುತ್ತೆ.

ಇಲ್ಲಿ ಒಂದು ನಿಮಿಷ ಅಡುಗೆಮನೆಗೆ ಬನ್ನಿ. ನೈರೋಬಿಯ ಜುಲೈ ಚಳಿ ನೋಡಿದವರಿಗೆ ಗೊತ್ತು, ಮೊಸರು ಹೆಪ್ಪುಗಟ್ಟೋದಿಲ್ಲ. ಅದೇ ಹಾಲು, ಅದೇ ಒಂದು ಚಮಚ ಹೆಪ್ಪು. ಉಗುರು ಬೆಚ್ಚಗಿನ ಹಾಲಿಗೆ ಹಾಕಿದರೆ ಬೆಳಗ್ಗೆ ಗಟ್ಟಿ ಮೊಸರು. ತಣ್ಣನೆಯ ಹಾಲಿಗೆ ಹಾಕಿದರೆ ಬೆಳಗ್ಗೆಯೂ ಹಾಲೇ. ಕುದಿಯುವ ಹಾಲಿಗೆ ಹಾಕಿದರೆ ಹಾಲೂ ಕೆಟ್ಟಿತು, ಹೆಪ್ಪೂ ಸತ್ತಿತು. ಈಗ ಯಾರಾದರೂ ‘ಒಂದು ಚಮಚ ಹೆಪ್ಪಿನ ಪರಿಣಾಮ ಏನು?’ ಅಂತ ಕೇಳಿದರೆ ನಿಮ್ಮ ಅಮ್ಮ ಏನಂತಾರೆ? ‘ಹಾಲು ಎಷ್ಟು ಬಿಸಿ ಇತ್ತು?’ ಅಂತ ತಿರುಗಿ ಕೇಳ್ತಾರೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಇಂಟರಾಕ್ಷನ್ ಅಂತೀವಿ. ಎರಡು ಕಾರಣಗಳನ್ನು ಬೇರೆಬೇರೆ ಅಳೆದು ಕೂಡಿಸಿದರೆ ಉತ್ತರ ಸಿಗೋದಿಲ್ಲ, ಒಂದರ ಕೆಲಸ ಇನ್ನೊಂದು ಎಷ್ಟಿದೆ ಅನ್ನೋದರ ಮೇಲೆ ನಿಂತಿರುತ್ತೆ. ಸೆರಟೋನಿನ್ ಔಷಧಗಳು ಮತ್ತು ಲೈಂಗಿಕ ಹಾರ್ಮೋನುಗಳ ಕಥೆ ಪೂರ್ತಿ ಹೀಗೇ ಇದೆ. ‘ಸೆರಟೋನಿನ್ ಆಸೆಯನ್ನು ಕುಗ್ಗಿಸುತ್ತೆ, ಟೆಸ್ಟೋಸ್ಟೆರಾನ್ ಹಿಗ್ಗಿಸುತ್ತೆ’ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಹಾಲಿನ ಬಿಸಿ ಕೇಳದೆ ಹೆಪ್ಪಿನ ಬಗ್ಗೆ ಭಾಷಣ ಮಾಡಿದ ಹಾಗೆ.

ಇದು ಹೊಸ ಜ್ಞಾನವೂ ಅಲ್ಲ. ಕನ್ನಡದಲ್ಲಿ ‘ಬೆದೆ’ ಅಂತ ಒಂದು ಪದ ಇದೆ. ಹೊರಗೆ ಹುಟ್ಟಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಹಸು, ಎಮ್ಮೆ, ನಾಯಿ ಗಂಡನ್ನು ಬಯಸುವ ಆ ಕೆಲವೇ ಗಂಟೆಗಳಿಗೆ, ದಿನಗಳಿಗೆ ಹಳ್ಳಿಯಲ್ಲಿ ಹೇಳೋ ಮಾತು. ಹಸು ಬೆದೆಗೆ ‘ಬರುತ್ತೆ’, ಜ್ವರ ಬಂದ ಹಾಗೆ, ಮಳೆ ಬಂದ ಹಾಗೆ. ಹಾಸನ ಮಂಡ್ಯ ಕಡೆ ಹಾಲು ಹಾಕುವ ಯಾವ ಮನೆಯವರನ್ನಾದರೂ ಕೇಳಿ, ಬೆಳಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ ಕೊಡಿಸಬೇಕು, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಬೆದೆಯಲ್ಲಿರುವ ಹಸುವಿನ ಮೇಲೆ ಇನ್ನೊಂದು ಹಸು ಏರಿದರೂ ಅದು ಕದಲದೆ ನಿಲ್ಲುತ್ತೆ, ಎರಡು ದಿನ ಬಿಟ್ಟು ಏರಿದರೆ ಒದೆಯುತ್ತೆ. ಹಸು ಅದೇ, ಅದರ ಸ್ಥಿತಿ ಬೇರೆ.

ಪ್ರಯೋಗಾಲಯದ ಹೆಣ್ಣಿಲಿಯಲ್ಲಿ ಈ ಕದಲದೆ ನಿಲ್ಲೋದಕ್ಕೆ ಲಾರ್ಡೋಸಿಸ್ ಅಂತ ಹೆಸರು. ಗಂಡು ಏರಿದಾಗ ಬೆನ್ನನ್ನು ಕೆಳಕ್ಕೆ ಬಾಗಿಸಿ ಹಿಂಭಾಗ ಎತ್ತಿ ನಿಲ್ಲುತ್ತೆ. ಅಂಡಾಶಯ ತೆಗೆದುಬಿಟ್ಟರೆ ಈ ನಡವಳಿಕೆ ಮಾಯ. ಈಸ್ಟ್ರೋಜನ್ ಕೊಟ್ಟು, ಎರಡು ದಿನ ಬಿಟ್ಟು ಪ್ರೊಜೆಸ್ಟರಾನ್ ಕೊಟ್ಟರೆ ಕೆಲವೇ ಗಂಟೆಯಲ್ಲಿ ವಾಪಸ್. ಅಂದರೆ ಹಾಲಿನ ಬಿಸಿಯನ್ನು ವಿಜ್ಞಾನಿ ತನ್ನ ಕೈಯಾರೆ ಇಡಬಹುದು. ಆಮೇಲೆ ಸೆರಟೋನಿನ್ ಔಷಧ ಹಾಕಿ ನೋಡಬಹುದು.

ಇದರ ಮೊದಲ ದೊಡ್ಡ ಹೆಜ್ಜೆಯಲ್ಲಿ ನಮ್ಮ ಕಡೆಯ ಬೇರೊಂದು ಇದೆ. ಸರ್ಪಗಂಧದ ಬೇರು. ಬುದ್ಧಿ ಕೆರಳಿದವರಿಗೆ ಕೊಡುತ್ತಿದ್ದ ನಾಟಿ ಮದ್ದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಅದರ ಬಗ್ಗೆ ಬರೆದರು, 1949ರಲ್ಲಿ ಬೊಂಬಾಯಿಯ ರುಸ್ತುಂ ವಕೀಲ್ ರಕ್ತದೊತ್ತಡಕ್ಕೆ ಅದು ಕೆಲಸ ಮಾಡುತ್ತೆ ಅಂತ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ಮಿದುಳಿನ ಸೆರಟೋನಿನ್ ಮತ್ತು ಅದರ ಅಣ್ಣತಮ್ಮಂದಿರನ್ನು ಬರಿದು ಮಾಡುತ್ತೆ. 1964ರಲ್ಲಿ ಸ್ವೀಡನ್ನಿನ ಬೆಂಗ್ಟ್ ಮೇಯರ್ಸನ್ ಅಂಡಾಶಯ ತೆಗೆದ ಇಲಿಗಳಿಗೆ ಈಸ್ಟ್ರೋಜನ್ ಕೊಟ್ಟು, ಪ್ರೊಜೆಸ್ಟರಾನ್ ಬದಲು ರಿಸರ್ಪಿನ್ ಜಾತಿಯ ಔಷಧ ಕೊಟ್ಟರು. ಇಲಿಗಳು ಬೆದೆಗೆ ಬಂದವು! ಅಂದರೆ ಸೆರಟೋನಿನ್ ಒಂದು ಬ್ರೇಕು, ಪ್ರೊಜೆಸ್ಟರಾನ್ ಆ ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತೆ ಅಂತ ಕಥೆ ಸಿದ್ಧವಾಯಿತು.

ಕಥೆ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. 1971ರಲ್ಲಿ ಬೇರೆಯವರು ತೋರಿಸಿದರು: ರಿಸರ್ಪಿನ್ ಪ್ರಾಣಿಯ ಅಡ್ರಿನಲ್ ಗ್ರಂಥಿಯನ್ನು ಕೆರಳಿಸುತ್ತೆ, ಆ ಗ್ರಂಥಿ ತನ್ನದೇ ಪ್ರೊಜೆಸ್ಟರಾನ್ ಸುರಿಸುತ್ತೆ. ಅಂದಮೇಲೆ ಕೆಲಸ ಮಾಡಿದ್ದು ಖಾಲಿಯಾದ ಸೆರಟೋನಿನ್ನೋ, ಹಿಂಬಾಗಿಲಿನಿಂದ ಬಂದ ಪ್ರೊಜೆಸ್ಟರಾನೋ? ಔಷಧ ಹಾರ್ಮೋನಿನ ಬದಲಿ ಅಲ್ಲ, ಅದು ಹಾರ್ಮೋನನ್ನೇ ಕರೆತರುತ್ತಿತ್ತು. ಗಂಡಿಲಿಗಳ ಕಡೆಯೂ ಇದೇ ರಾಮಾಯಣ. 1969ರಲ್ಲಿ ಸೆರಟೋನಿನ್ ತಯಾರಾಗುವುದನ್ನೇ ತಡೆಯುವ ಪಿಸಿಪಿಎ ಎಂಬ ರಾಸಾಯನಿಕ ಕೊಟ್ಟಾಗ ಗಂಡಿಲಿಗಳು ಒಂದರ ಮೇಲೊಂದು ಏರತೊಡಗಿದವು ಅಂತ ವರದಿ ಬಂತು. ಮರುವರ್ಷವೇ ಇಬ್ಬರು ವಿಜ್ಞಾನಿಗಳು ‘ಇದು ಕಾಮೋತ್ತೇಜಕವೇ?’ ಅಂತ ಶೀರ್ಷಿಕೆಯಲ್ಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇನ್ನೊಂದು ಪ್ರಬಂಧ ಬರೆದರು. ನನಗೆ ಆ ಪ್ರಶ್ನಾರ್ಥಕ ಚಿಹ್ನೆ ಮೇಲೆ ಪ್ರೀತಿ.

ಈ ವಿಷಯದಲ್ಲಿ ಹೆಣ್ಣಿಲಿಯ ಬೆನ್ನು ಬಿಡದೆ ದಶಕಗಟ್ಟಲೆ ಕೂತವರು ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟಿಯ ಲಿಂಡಾ ಅಪ್‌ಹೌಸ್. ಸಪೋಲ್ಸ್ಕಿಯ ಹೆಸರು ಕೇಳಿದ ಸಾವಿರ ಜನರಲ್ಲಿ ಒಬ್ಬರಿಗೂ ಈಕೆಯ ಹೆಸರು ಗೊತ್ತಿರಲ್ಲ. ಆಕೆಯ ಲ್ಯಾಬಿನ ಒಂದು ಪ್ರಯೋಗ ಹೇಳುತ್ತೇನೆ. ಎರಡು ಗುಂಪು ಇಲಿಗಳು, ಎರಡಕ್ಕೂ ಅಂಡಾಶಯ ಇಲ್ಲ. ಒಂದಕ್ಕೆ ಈಸ್ಟ್ರೋಜನ್ ಮಾತ್ರ, ಇನ್ನೊಂದಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್. ಸುಮ್ಮನೆ ನೋಡಿದರೆ ಎರಡೂ ಗುಂಪು ಗಂಡನ್ನು ಒಪ್ಪುತ್ತವೆ. ಈಗ ಪ್ರತಿ ಇಲಿಯನ್ನೂ ಐದೇ ಐದು ನಿಮಿಷ ಅಲುಗಾಡದಂತೆ ಹಿಡಿದಿಡಿ, ಬೇರೇನೂ ಮಾಡಬೇಡಿ. ಈಸ್ಟ್ರೋಜನ್ ಮಾತ್ರ ಸಿಕ್ಕ ಇಲಿಗಳ ಒಪ್ಪಿಗೆ ಕುಸಿಯುತ್ತೆ, ಪ್ರೊಜೆಸ್ಟರಾನೂ ಸಿಕ್ಕವು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಸೆರಟೋನಿನ್‌ನ ಕೆಲವು ಗ್ರಾಹಿಗಳ ಮೇಲೆ ಕೆಲಸ ಮಾಡುವ ಔಷಧಗಳನ್ನು ಕೊಟ್ಟಾಗಲೂ ಇದೇ ಮಾದರಿ: ಅದೇ ಔಷಧ, ಅದೇ ಪ್ರಮಾಣ, ಒಂದು ಗುಂಪಿಗೆ ಜೋರು ಪೆಟ್ಟು, ಇನ್ನೊಂದಕ್ಕೆ ಸಣ್ಣದು. ಪ್ರೊಜೆಸ್ಟರಾನ್ ಕೊಡುವುದು ಬರೀ ಆಸೆಯನ್ನಲ್ಲ, ತಡೆಯುವ ಶಕ್ತಿಯನ್ನು. ಆತಂಕ ಬಂದಾಗ ಆಸೆ ಆರಿಹೋಗದಂತೆ ಒಂದು ಅಡ್ಡಗೋಡೆ. ಈ ಒಂದು ಪ್ರಯೋಗ ಮನಸ್ಸಿನಲ್ಲಿಟ್ಟುಕೊಂಡು ‘ಪ್ರೈಮೇಟ್ಸ್ ಮೆಮ್ವಾರ್’ ಮತ್ತೆ ಓದಿ. ಗಂಡುಗಳ ಗದ್ದಲ ಜೋರಾಗಿ ಹೆಣ್ಣುಗಳು ದಿನವಿಡೀ ಬೆದರಿಕೆಯಲ್ಲಿ ಬದುಕುವ ಪುಟಗಳಲ್ಲಿ ಆ ಹೆಣ್ಣುಗಳ ಒಳಗೆ ಏನು ನಡೀತಿತ್ತು ಅಂತ ಕೇಳದೆ ಮುಂದಕ್ಕೆ ಹೋಗಲು ಆಗೋದಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ವಾಟ್ಸಾಪ್ ವಿಜ್ಞಾನಿಗಳು ಸುಮ್ಮನಾಗಬೇಕು. ಸೆರಟೋನಿನ್‌ನ 1ಎ ಎಂಬ ಗ್ರಾಹಿಯನ್ನು ಒತ್ತುವ 8-ಓಎಚ್-ಡಿಪಿಎಟಿ ಅಂತ ಒಂದು ರಾಸಾಯನಿಕ ಇದೆ. ಹೆಣ್ಣಿಲಿಗೆ ಕೊಟ್ಟರೆ ಲಾರ್ಡೋಸಿಸ್ ಅಡಗುತ್ತೆ. ಗಂಡಿಲಿಗೆ ಕೊಟ್ಟರೆ ವೀರ್ಯ ಸ್ಖಲನ ಬೇಗ ಆಗುತ್ತೆ. ಒಂದೇ ಬೀಗಕ್ಕೆ ಒಂದೇ ಕೀಲಿ, ಒಂದು ಮನೆಯಲ್ಲಿ ಬಾಗಿಲು ಮುಚ್ಚುತ್ತೆ, ಇನ್ನೊಂದರಲ್ಲಿ ತೆರೆಯುತ್ತೆ. ಪ್ರೋಜಾಕ್ ಹೆಸರಿನ ಫ್ಲೂಆಕ್ಸಟಿನ್ ಗೊತ್ತಲ್ಲ? ಅದನ್ನು ದಿನಾ ಕೊಟ್ಟರೆ ಫಿಷರ್ ತಳಿಯ ಹೆಣ್ಣಿಲಿಗಳ ಬೆದೆಯ ಚಕ್ರವೇ ಏರುಪೇರಾಗುತ್ತೆ ಅಂತ ಅಪ್‌ಹೌಸ್ ತಂಡ 2006ರಲ್ಲಿ ತೋರಿಸಿತು. ಅಂದರೆ ಹೆಪ್ಪು ಹಾಲಿನ ಬಿಸಿಯನ್ನೂ ಬದಲಿಸುತ್ತೆ. ಇಂಥ ಸಂಬಂಧಕ್ಕೆ ಗೆರೆ ಎಳೆದು ಬಾಣ ಹಾಕಲು ಹೋದರೆ ಬಾಣ ಎರಡೂ ಕಡೆ ಹಾಕಬೇಕಾಗುತ್ತೆ.

ಇಲಿ ಸಾಕು, ಕೋತಿಗೆ ಬರೋಣ. ನೈರೋಬಿಯಲ್ಲಿರುವವರಿಗೆ ವರ್ವೆಟ್ ಕೋತಿಯನ್ನು ಪರಿಚಯಿಸಬೇಕಾಗಿಲ್ಲ, ಅಡುಗೆಮನೆ ಕಿಟಕಿ ತೆರೆದಿಟ್ಟರೆ ಅದೇ ಬಂದು ಪರಿಚಯ ಮಾಡಿಕೊಳ್ಳುತ್ತೆ. ಕಪ್ಪು ಮುಖ, ಬೂದು ಮೈ, ಬಾಳೆಹಣ್ಣಿನ ಮೇಲೆ ಕಣ್ಣು. ಈ ಜಾತಿಯ ಮೇಲೆ ಅಮೆರಿಕದ ಮೈಕೆಲ್ ರಾಲೀ, ಮೈಕೆಲ್ ಮೆಕ್‌ಗ್ವಾಯರ್ ಮತ್ತು ಸಂಗಡಿಗರು ಮಾಡಿ 1991ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಹನ್ನೆರಡು ಗುಂಪು, ಪ್ರತಿ ಗುಂಪಿನಲ್ಲೂ ಮೂರು ವಯಸ್ಕ ಗಂಡು, ಜೊತೆಗೆ ಹೆಣ್ಣು, ಮರಿಗಳು. ಯಜಮಾನ ಗಂಡನ್ನು ಹೊರಗೆ ತೆಗೆದರು. ಉಳಿದ ಇಬ್ಬರಲ್ಲಿ ಒಬ್ಬನಿಗೆ ಸೆರಟೋನಿನ್ ಚಟುವಟಿಕೆ ಹೆಚ್ಚಿಸುವ ಔಷಧ, ಫ್ಲೂಆಕ್ಸಟಿನ್ ಅಥವಾ ಟ್ರಿಪ್ಟೊಫಾನ್. ಹನ್ನೆರಡಕ್ಕೆ ಹನ್ನೆರಡೂ ಗುಂಪಿನಲ್ಲಿ ಔಷಧ ಸಿಕ್ಕವನೇ ಯಜಮಾನನಾದ. ಸೆರಟೋನಿನ್ ಕುಗ್ಗಿಸುವ ಔಷಧ ಕೊಟ್ಟಾಗ ಇನ್ನೊಬ್ಬ ಯಜಮಾನನಾದ.

ಈ ಫಲಿತಾಂಶವನ್ನು ‘ಸೆರಟೋನಿನ್ ಜಾಸ್ತಿ ಇದ್ದವನೇ ರಾಜ’ ಅಂತ ಎಷ್ಟು ಕಡೆ ಹೇಳಿದ್ದಾರೋ ಲೆಕ್ಕವಿಲ್ಲ. ಲೀಡರ್‌ಶಿಪ್ ಪುಸ್ತಕಗಳಲ್ಲಂತೂ ಹಬ್ಬ. ಆದರೆ ಪ್ರಬಂಧದ ಒಳಗಿನ ಕ್ರಮ ನೋಡಿ. ಔಷಧ ಸಿಕ್ಕವನು ಮೊದಲು ಹೋಗಿ ಇನ್ನೊಬ್ಬನಿಗೆ ಹೊಡೆಯಲಿಲ್ಲ. ಮೊದಲು ಹೆಣ್ಣುಗಳ ಪಕ್ಕ ಕೂತ, ಅವುಗಳ ಮೈ ಸವರಿ ಹೇನು ನೋಡಿದ, ಒಡನಾಟ ಬೆಳೆಸಿದ. ಆಮೇಲೆ ಜಟಾಪಟಿ ಬಂದಾಗ ಹೆಣ್ಣುಗಳು ಅವನ ಕಡೆ ನಿಂತವು, ಪಟ್ಟ ಆಮೇಲೆ ಬಂತು. ಔಷಧ ಅವನ ಮೈಗೆ ಹೋಯಿತು ಸರಿ, ಪರಿಣಾಮ ನಡೆದದ್ದು ಹೆಣ್ಣುಗಳ ತೀರ್ಮಾನದ ಮೂಲಕ. ಇದೇ ತಂಡದ ಹಿಂದಿನ ಕೆಲಸದಲ್ಲಿ ಯಜಮಾನ ಗಂಡಿನ ರಕ್ತದಲ್ಲಿ ಸೆರಟೋನಿನ್ ಇತರರ ಸುಮಾರು ಎರಡು ಪಟ್ಟು ಕಂಡಿತ್ತು, ಅವನನ್ನು ಗುಂಪಿನಿಂದ ಬೇರೆ ಮಾಡಿದರೆ ಅದು ಇಳಿಯುತ್ತಿತ್ತು. ಅಲ್ಲಿಗೆ ಪಟ್ಟವೂ ರಸಾಯನವನ್ನು ಮಾಡುತ್ತೆ ಅಂತಾಯ್ತು.

ಈ ಮಾತನ್ನು ಔಷಧವೇ ಇಲ್ಲದೆ, ರಕ್ತದ ಒಂದು ಹನಿಯೂ ಇಲ್ಲದೆ ಹೇಳಿದ ಪುಸ್ತಕ ಕೆನ್ಯಾದಿಂದಲೇ ಬಂದಿದೆ. ನೈರೋಬಿಯಿಂದ ನಕುರು ರಸ್ತೆ ಹಿಡಿದು ನೈವಾಶಾ ದಾಟಿದರೆ ಗಿಲ್‌ಗಿಲ್ ಸಿಗುತ್ತೆ. ಅದರ ಹತ್ತಿರ ಎಬುರು ಕ್ಲಿಫ್ಸ್ ಅಂತ ಕರೆಯುವ ಬಂಡೆಗಳ ಬಬೂನ್ ಗುಂಪನ್ನು ನೋಡುತ್ತಾ ಕೂತವರು ಬಾರ್ಬರಾ ಸ್ಮಟ್ಸ್. ಅವರ ‘ಸೆಕ್ಸ್ ಆಂಡ್ ಫ್ರೆಂಡ್‌ಶಿಪ್ ಇನ್ ಬಬೂನ್ಸ್’ ಬಂದದ್ದು 1985ರಲ್ಲಿ, ಸಪೋಲ್ಸ್ಕಿಯ ಪುಸ್ತಕಕ್ಕಿಂತ ಹದಿನಾರು ವರ್ಷ ಮೊದಲು. ಹೆಣ್ಣು ಬಬೂನಿಗೆ ಒಬ್ಬನೋ ಇಬ್ಬರೋ ಗಂಡು ಗೆಳೆಯರಿರುತ್ತಾರೆ. ಬಸುರಿಯಾಗಿದ್ದಾಗ, ಹಾಲೂಡಿಸುವಾಗ, ಅಂದರೆ ಕೂಡುವ ಪ್ರಶ್ನೆಯೇ ಇಲ್ಲದಿದ್ದಾಗ ಅವರ ಪಕ್ಕ ಕೂರುತ್ತೆ. ಅವನು ಅದರ ಮರಿಯನ್ನು ಕಾಯುತ್ತಾನೆ. ಮುಂದೆ ಅದು ಮತ್ತೆ ಬೆದೆಗೆ ಬಂದಾಗ ಆ ಗೆಳೆತನ ಲೆಕ್ಕಕ್ಕೆ ಬರುತ್ತೆ. ಪಟ್ಟದಲ್ಲಿ ಕೆಳಗಿದ್ದರೂ ಗುಂಪಿನಲ್ಲಿ ಹಳಬರಾದ ಗಂಡುಗಳಿಗೆ ಸಿಗುವ ಕೂಟ ಪಟ್ಟದ ಲೆಕ್ಕಕ್ಕಿಂತ ಜಾಸ್ತಿ. ಅಂಕಿಗಳು, ಕೋಷ್ಟಕಗಳು ತುಂಬಿದ ಪುಸ್ತಕ, ಸಪೋಲ್ಸ್ಕಿಯ ಹಾಗೆ ನಗಿಸೋದಿಲ್ಲ. ಬಹುಶಃ ಅದಕ್ಕೇ ಯಾರೂ ಯಾರ ಕೈಗೂ ಅದನ್ನು ತುರುಕೋದಿಲ್ಲ.

ಸಪೋಲ್ಸ್ಕಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಹಾಗಂದರೆ ಅನ್ಯಾಯ. 1997ರ ‘ದ ಟ್ರಬಲ್ ವಿತ್ ಟೆಸ್ಟೋಸ್ಟೆರಾನ್’ನಲ್ಲಿ ಅವರೇ ಟಾಲಪಾಯಿನ್ ಕೋತಿಗಳ ಉದಾಹರಣೆ ಕೊಡುತ್ತಾರೆ: ಏಣಿಯ ನಡುವಿನ ಗಂಡಿಗೆ ಟೆಸ್ಟೋಸ್ಟೆರಾನ್ ಸುರಿದರೆ ಅವನು ಮೇಲಿನವರ ಮೇಲೆ ಬೀಳೋದಿಲ್ಲ, ತನಗಿಂತ ಕೆಳಗಿನವರನ್ನು ಮಾತ್ರ ಗೋಳು ಹೊಯ್ದುಕೊಳ್ಳುತ್ತಾನೆ. 2017ರ ‘ಬಿಹೇವ್’ ಅಂತೂ ಪುಟಪುಟಕ್ಕೂ ‘ಅದು ಸಂದರ್ಭದ ಮೇಲೆ ನಿಂತಿದೆ’ ಅನ್ನುವ ಪುಸ್ತಕ. 2004ರಲ್ಲಿ ಲಿಸಾ ಶೇರ್ ಜೊತೆ ಬರೆದ ಪ್ರಬಂಧದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಪ್ರವಾಸಿ ಲಾಡ್ಜಿನ ಕಸದ ಗುಂಡಿಗೆ ನುಗ್ಗುತ್ತಿದ್ದ ಜಗಳಗಂಟ ಗಂಡುಗಳೆಲ್ಲ ಕ್ಷಯ ಬಡಿದು ಸತ್ತವು. ಉಳಿದ ಗುಂಪು ಮೆತ್ತಗಾಯಿತು, ಮುಂದೆ ಹೊರಗಿಂದ ಬಂದ ಹೊಸ ಗಂಡುಗಳೂ ಆ ಮೆತ್ತಗಿನ ರೀತಿಯನ್ನೇ ಕಲಿತವು. ಹೇಗೆ ಅಂದರೆ ಅಲ್ಲಿನ ಹೆಣ್ಣುಗಳು ಹೊಸಬರ ಹತ್ತಿರ ಬೇರೆ ಗುಂಪಿನ ಹೆಣ್ಣುಗಳಿಗಿಂತ ಬೇಗ ಬಂದು ಮೈ ಸವರುತ್ತಿದ್ದವು. ಆ ಪ್ರಬಂಧವನ್ನು ನಾನು ನೆನಪಿನ ಪುಸ್ತಕಕ್ಕಿಂತ ಮೇಲಿಡುತ್ತೇನೆ. ನನ್ನ ದೂರು ಇಷ್ಟೇ: ವಾದ ಮಾಡುವಾಗ ಇಂಟರಾಕ್ಷನ್ ಹೇಳುವ ಮನುಷ್ಯ ಕಥೆ ಹೇಳುವಾಗ ಅದನ್ನು ಬಿಟ್ಟುಬಿಡುತ್ತಾರೆ, ಮತ್ತು ಜನ ನೆನಪಿಟ್ಟುಕೊಳ್ಳುವುದು ಕಥೆಯನ್ನು.

ಇಷ್ಟಕ್ಕೆಲ್ಲ ನಾನ್ಯಾಕೆ ತಲೆ ಕೆಡಿಸಿಕೊಂಡೆ ಅಂತ ಕೇಳಬಹುದು. ಇಲ್ಲಿ ನಮಗೆ ಗೊತ್ತಿರುವ ಕನ್ನಡದ ಅಕ್ಕ ಒಬ್ಬರಿದ್ದಾರೆ. ವಯಸ್ಸು ಐವತ್ತರ ಹತ್ತಿರ. ಖಿನ್ನತೆಗೆ ಸೆರಟೋನಿನ್ ಮಾತ್ರೆ ತಗೊಳ್ತಿದ್ದಾರೆ, ಅದರಿಂದ ಮನಸ್ಸಿಗೆ ನಿಜವಾಗಿಯೂ ಒಳ್ಳೆಯದಾಗಿದೆ. ಮುಟ್ಟು ನಿಲ್ಲುವ ಕಾಲ ಶುರುವಾದ ಮೇಲೆ ಅದೇ ಮಾತ್ರೆ, ಅದೇ ಪ್ರಮಾಣ ಬೇರೆ ಥರ ಅನ್ನಿಸುತ್ತೆ ಅಂತ ಅವರ ಅನುಭವ. ಗಂಡನ ಪಕ್ಕ ಕೂತರೂ ಗೋಡೆ ಪಕ್ಕ ಕೂತ ಹಾಗೆ ಅಂದರು. ಡಾಕ್ಟರಿಗೆ ಹೇಳಿದಾಗ ‘ಅದು ಮಾತ್ರೆಯ ಸೈಡ್ ಎಫೆಕ್ಟ್, ಎಲ್ಲರಿಗೂ ಇರುತ್ತೆ’ ಅಂತ ಮುಗಿಸಿದರಂತೆ. ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಇಲ್ಲ. ‘ನೀನು ಡೇಟಾ ನೋಡೋನಲ್ವಾ, ಇದನ್ನ ಯಾರೂ ಲೆಕ್ಕ ಹಾಕಿಲ್ವೇನೋ?’ ಅಂತ ಕೇಳಿದರು. ಇಲಿಯ ಲೆಕ್ಕವನ್ನು ಎತ್ತಿ ಮನುಷ್ಯರ ಮೇಲೆ ಇಡಲಾಗದು, ಇಡಬಾರದು ಕೂಡ. ನೀವೂ ಈ ಬರಹ ಓದಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ. ಆದರೆ ಆ ಅಕ್ಕನ ಪ್ರಶ್ನೆ ಸರಿಯಾದ ಪ್ರಶ್ನೆ. ಹಾಲು ಎಷ್ಟು ಬಿಸಿ ಅಂತಲೇ ಅವರು ಕೇಳಿದ್ದು.

ಲೆಕ್ಕ ಯಾಕೆ ಹಾಕಿಲ್ಲ ಅನ್ನೋದಕ್ಕೆ ಒಂದು ಅಂಕಿ ಸಾಕು. 2011ರಲ್ಲಿ ಅನಲೀಸ್ ಬಿಯರಿ ಮತ್ತು ಇರ್ವಿಂಗ್ ಜ಼ಕರ್ ಪ್ರಾಣಿಗಳ ಮೇಲಿನ ಸಂಶೋಧನೆಗಳನ್ನು ಎಣಿಸಿದರು. ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿ ಬಳಸಿದ ಅಧ್ಯಯನಗಳನ್ನು ತಗೊಂಡರೆ, ಹೆಣ್ಣಿನ ಒಂದಕ್ಕೆ ಗಂಡಿನವು 5.5. ಕೊಡುತ್ತಿದ್ದ ಕಾರಣ: ಹೆಣ್ಣಿನ ಚಕ್ರದಿಂದ ಅಂಕಿಗಳು ಅಲ್ಲಾಡುತ್ತವೆ, ಗದ್ದಲ ಜಾಸ್ತಿ. 2014ರಲ್ಲಿ ಜ಼ಕರ್ ಮತ್ತು ಸಂಗಡಿಗರು 293 ಪ್ರಬಂಧಗಳನ್ನು ಒಟ್ಟು ಸೇರಿಸಿ ನೋಡಿದರೆ ಹೆಣ್ಣಿಲಿಯ ಅಂಕಿ ಗಂಡಿಲಿಯದಕ್ಕಿಂತ ಹೆಚ್ಚೇನೂ ಅಲ್ಲಾಡುತ್ತಿರಲಿಲ್ಲ. ನನ್ನನ್ನು ಕೇಳಿದರೆ ಅಲ್ಲಾಡಿದ್ದರೂ ಅದನ್ನು ಗದ್ದಲ ಅಂತ ಕರೆದಿದ್ದೇ ತಪ್ಪು. ಯಾವ ಔಷಧದ ಕೆಲಸ ಹಾರ್ಮೋನಿನ ಸ್ಥಿತಿಯ ಮೇಲೆ ನಿಂತಿದೆಯೋ ಅದರ ಅಧ್ಯಯನದಲ್ಲಿ ಆ ಸ್ಥಿತಿಯನ್ನು ಹೊರಗಿಟ್ಟರೆ ಉಳಿಯೋದೇನು?

ಇದರ ಕೊನೆ ಎಲ್ಲಿಗೆ ಬರುತ್ತೆ ನೋಡಿ. ಫ್ಲಿಬಾನ್ಸೆರಿನ್ ಅಂತ ಒಂದು ಔಷಧ. ಖಿನ್ನತೆಗೆ ಅಂತ ತಯಾರಾಗಿ, ಅಲ್ಲಿ ಸೋತು, ಹೆಂಗಸರ ಆಸೆ ಹೆಚ್ಚಿಸುವ ಮಾತ್ರೆಯಾಗಿ ಆಡಿ ಎಂಬ ಹೆಸರಲ್ಲಿ ಬಂತು. ಅದು ಒತ್ತುವುದು ಅದೇ 1ಎ ಗ್ರಾಹಿಯನ್ನು, ಜೊತೆಗೆ 2ಎ ಎಂಬ ಇನ್ನೊಂದನ್ನು ತಡೆಯುತ್ತೆ. ಹೆಣ್ಣಿಲಿಯ ಆಸೆ ಅಡಗಿಸುವ ರಾಸಾಯನಿಕವೂ 1ಎ ಒತ್ತುವಂಥದ್ದೇ ಅನ್ನೋದು ನೆನಪಿರಲಿ. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ಜೋಡಿಗಳಲ್ಲಿ ಎರಡನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಫ್ಲಿಬಾನ್ಸೆರಿನ್ ಕೊಟ್ಟ ಜೋಡಿಗಳು ಒಂದನ್ನೊಂದು ಸವರಿಕೊಳ್ಳುವುದು ಹೆಚ್ಚಾಯಿತು, 8-ಓಎಚ್-ಡಿಪಿಎಟಿ ಕೊಟ್ಟಾಗ ಹೆಣ್ಣಿನ ಲೈಂಗಿಕ ಆಸಕ್ತಿ ಕುಗ್ಗಿತು. ಆಸಕ್ತಿಕರ ಕೆಲಸ, ಜೋಡಿಯನ್ನೇ ಘಟಕವಾಗಿ ನೋಡಿದ್ದು ನನಗೆ ಇಷ್ಟವಾಯಿತು. ಅಮೆರಿಕದ ಎಫ್‌ಡಿಎ ಎರಡು ಸಲ ಬೇಡ ಅಂದು 2015ರ ಆಗಸ್ಟ್‌ನಲ್ಲಿ ಮುಟ್ಟು ನಿಲ್ಲದ ಹೆಂಗಸರಿಗೆ ಮಾತ್ರ ಅಂತ ಒಪ್ಪಿಗೆ ಕೊಟ್ಟಿತು. ಮದ್ಯದ ಜೊತೆ ಈ ಮಾತ್ರೆ ಅಪಾಯವೇ ಅಂತ ನೋಡಲು ಕಂಪನಿ ಮಾಡಿದ್ದ ಪರೀಕ್ಷೆಯಲ್ಲಿ ಇದ್ದವರು 25 ಜನ. ಅದರಲ್ಲಿ 23 ಜನ ಗಂಡಸರು. ಹೆಂಗಸರಿಗಾಗಿಯೇ ಮಾಡಿದ ಮಾತ್ರೆ ಸ್ವಾಮಿ ಇದು.

ಬಬೂನ್‌ಗೆ ವಾಪಸ್ ಬರೋದಾದರೆ, ಈಗ ಮುಳ್ಳು ಹೊಡೆಯದೆಯೂ ಹಾರ್ಮೋನು ಅಳೆಯಬಹುದು. ಕಿಲಿಮಂಜಾರೋ ಎದುರಿನ ಅಂಬೋಸೆಲಿಯಲ್ಲಿ ಜೀನ್ ಆಲ್ಟ್‌ಮನ್ ಅವರು 1971ರಲ್ಲಿ ಶುರುಮಾಡಿದ ಅಧ್ಯಯನ ಇನ್ನೂ ನಡೀತಿದೆ. ಅಲ್ಲಿನವರು ಕೋತಿಯ ಹಿಂದೆ ನಡೆದು ಅದರ ಮಲ ಹೆಕ್ಕಿ ಅದರಿಂದ ಹಾರ್ಮೋನು ತೆಗೆಯುತ್ತಾರೆ. ಬಸುರಿ, ಬಾಣಂತಿ, ಬೆದೆಯಲ್ಲಿರುವುದು ಯಾವುದನ್ನೂ ಮುಟ್ಟಬೇಕಾಗಿಲ್ಲ. 2011ರಲ್ಲಿ ಅವರು 125 ಗಂಡುಗಳ ಲೆಕ್ಕ ಕೊಟ್ಟರು: ಎಲ್ಲರಿಗಿಂತ ಮೇಲಿನ ಗಂಡಿಗೆ ಒತ್ತಡದ ಹಾರ್ಮೋನು ಎರಡನೆಯವನಿಗಿಂತ ಜಾಸ್ತಿ. ಸಪೋಲ್ಸ್ಕಿಯ ‘ಮೇಲಿದ್ದವನು ಆರಾಮ’ ಅನ್ನುವ ಚಿತ್ರಕ್ಕೆ ಅಲ್ಲೇ ಒಂದು ತಿದ್ದುಪಡಿ ಬಿತ್ತು, ಮತ್ತು ಅದು ಬಿದ್ದದ್ದು ಇಲ್ಲಿಂದ ಕೆಲವೇ ಗಂಟೆಗಳ ದಾರಿಯಲ್ಲಿ.

ಸೆರಟೋನಿನ್ ಮಾತ್ರ ಹಾಗೆ ಸಿಗೋದಿಲ್ಲ. ರಕ್ತದಲ್ಲಿರುವ ಸೆರಟೋನಿನ್ ಬಹುಪಾಲು ಕರುಳಿನಲ್ಲಿ ತಯಾರಾದದ್ದು, ಮಿದುಳಿನದು ಅದರಿಂದ ಬೇರೆ, ಒಂದು ಇನ್ನೊಂದರೊಳಗೆ ದಾಟೋದಿಲ್ಲ. ಮಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೆನ್ನುಹುರಿಯ ದ್ರವ ತೆಗೆಯಬೇಕು, ಅದಕ್ಕೆ ಪ್ರಾಣಿಯನ್ನು ಹಿಡಿಯಬೇಕು, ಹಿಡಿದರೆ ಅಪ್‌ಹೌಸ್ ಅವರ ಐದು ನಿಮಿಷದ ಇಲಿಯ ಕಥೆಯೇ. ಹೀಗಾಗಿ ಬಯಲಿನವರ ಹತ್ತಿರ ಹಾರ್ಮೋನು ಇದೆ, ಸೆರಟೋನಿನ್ ಇಲ್ಲ. ಪ್ರಯೋಗಾಲಯದವರ ಹತ್ತಿರ ಎರಡೂ ಇವೆ, ಗೆಳೆತನ ಇಲ್ಲ, ಮರಿ ಇಲ್ಲ, ಹೊರಗಿಂದ ಬರುವ ಹೊಸ ಗಂಡಿಲ್ಲ. ಸ್ಮಟ್ಸ್ ಪುಸ್ತಕವನ್ನು ಎಡಗೈಯಲ್ಲಿ, ಅಪ್‌ಹೌಸ್ ಪ್ರಬಂಧಗಳನ್ನು ಬಲಗೈಯಲ್ಲಿ ಹಿಡಿದು ಓದೋದು ಸದ್ಯಕ್ಕೆ ಓದುಗರ ಪಾಲಿಗೇ ಬಿದ್ದಿದೆ. ಸ್ಮಟ್ಸ್ ಪುಸ್ತಕದ ನನ್ನ ಪ್ರತಿಯನ್ನು ಈಗ ಆ ಅಕ್ಕ ತಗೊಂಡು ಹೋಗಿದ್ದಾರೆ. ನೈರೋಬಿಯಲ್ಲಿರುವವರು ಬೇಕಂದ್ರೆ ಹೇಳಿ, ಅವರು ಮುಗಿಸಿದ ಮೇಲೆ ನಿಮಗೆ ಕೊಡುತ್ತೇನೆ.